ಗಾಜು ರಿಪೇರಿ ಅಂಗಡಿಯ ಹೆಸರಲ್ಲಿ ಒಂದು ಆಲ್ಬಂ

2023ರ ಆಗಸ್ಟ್ ತಿಂಗಳು. ಲಂಡನ್ನಿನ ಪೂರ್ವಕ್ಕೆ ಹ್ಯಾಕ್ನಿ ಅಂತ ಒಂದು ಪ್ರದೇಶ. ಅಲ್ಲಿಗೊಂದು ಲೋಕಲ್ ಪತ್ರಿಕೆ ಇದೆ, ಹೆಸರು ಹ್ಯಾಕ್ನಿ ಗೆಜೆಟ್. 1864ರಲ್ಲಿ ಶುರುವಾದ ಪತ್ರಿಕೆ. ಅದರಲ್ಲಿ ಒಂದು ದಿನ ಗಾಜು ರಿಪೇರಿ ಅಂಗಡಿಯ ಜಾಹೀರಾತು ಬಂತು. ಅಂಗಡಿಯ ಹೆಸರು 'ಹ್ಯಾಕ್ನಿ ಡೈಮಂಡ್ಸ್'. ಸೆಪ್ಟೆಂಬರ್‌ನಲ್ಲಿ ಶುರು ಮಾಡ್ತೀವಿ, ನಿಮ್ಮ ಕಿಟಕಿ ಗಾಜು ಒಡೆದಿದ್ದರೆ ನಾವಿದ್ದೀವಿ ಅನ್ನೋ ಧಾಟಿ. ಕೆಳಗೆ ಫೋನ್ ನಂಬರ್. ಸ್ಥಾಪನೆ 1962 ಅಂತಲೂ ಇತ್ತು.

ಇದರಲ್ಲೇನು ವಿಶೇಷ ಅಂತೀರಾ? ಸ್ವಲ್ಪ ಗಮನ ಕೊಟ್ಟು ಓದಿದವರಿಗೆ ಗೊತ್ತಾಯಿತು. ಜಾಹೀರಾತಿನ ವಾಕ್ಯಗಳ ಒಳಗೆ ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಹಾಡುಗಳ ಹೆಸರುಗಳು ಅಡಗಿ ಕೂತಿದ್ದವು. ಅಂಗಡಿಯ ಹೆಸರಿನಲ್ಲಿರೋ ಇಂಗ್ಲಿಷ್ 'ಐ' ಅಕ್ಷರದ ಚುಕ್ಕಿ ಇರಬೇಕಾದ ಜಾಗದಲ್ಲಿ ಆ ತಂಡದ ಗುರುತು, ಅದೇ ಹೊರಚಾಚಿದ ಕೆಂಪು ನಾಲಿಗೆ. ಇನ್ನು 1962? ತಂಡ ಹುಟ್ಟಿದ ವರ್ಷ. ಗಾಜಿನ ಅಂಗಡಿ ಎಲ್ಲೂ ಇರಲಿಲ್ಲ ಸ್ವಾಮಿ. ಇದ್ದಿದ್ದು ಹೊಸ ಆಲ್ಬಂ.

ಆ ಹೆಸರಿಗೂ ಒಂದು ಅರ್ಥ ಇದೆ. ರಾತ್ರಿ ಯಾರೋ ಕಾರಿನ ಗಾಜು ಒಡೆದು ಕದ್ದು ಹೋಗಿರ್ತಾರೆ. ಬೆಳಿಗ್ಗೆ ರಸ್ತೆ ಮೇಲೆ ಗಾಜಿನ ಚೂರು ಫಳಫಳ ಅಂತ ಹೊಳೀತಾ ಬಿದ್ದಿರುತ್ತೆ. ಅದಕ್ಕೆ ಲಂಡನ್ನಿನ ಪಡ್ಡೆ ಮಾತಿನಲ್ಲಿ ಹ್ಯಾಕ್ನಿಯ ವಜ್ರಗಳು ಅಂತಾರೆ.

ಸೆಪ್ಟೆಂಬರ್ 6ಕ್ಕೆ ಎರಡನೇ ಅಂಕ. ಅದೇ ಹ್ಯಾಕ್ನಿಯಲ್ಲಿ 1901ರಲ್ಲಿ ಕಟ್ಟಿದ ಹ್ಯಾಕ್ನಿ ಎಂಪೈರ್ ಅನ್ನೋ ರಂಗಮಂದಿರ ಇದೆ. ಚಾರ್ಲಿ ಚಾಪ್ಲಿನ್ ಹೆಜ್ಜೆ ಇಟ್ಟ ವೇದಿಕೆ ಅದು. ಅಲ್ಲಿ ಮೂರು ಜನ ಬಂದು ಕೂತರು. ಮಿಕ್ ಜಾಗರ್, ಆಗ 80 ವರ್ಷ. ಕೀತ್ ರಿಚರ್ಡ್ಸ್, 79. ರಾನಿ ವುಡ್, 76. ಪ್ರಶ್ನೆ ಕೇಳೋಕೆ ಕೂತವರು ಸಂಗೀತ ವಿಮರ್ಶಕರಲ್ಲ, ವರದಿಗಾರರೂ ಅಲ್ಲ. ಅಮೆರಿಕದ ಟಿವಿ ಹಾಸ್ಯಗಾರ ಜಿಮ್ಮಿ ಫಾಲನ್. ಇಡೀ ಮಾತುಕತೆ ಯೂಟ್ಯೂಬ್‌ನಲ್ಲಿ ನೇರಪ್ರಸಾರ. ನಮ್ಮಂಥ ಚಾನೆಲ್‌ಗಳಿಗೆ ಅಲ್ಲಿ ಏನು ಕೆಲಸ? ನೀವು ನೋಡಿದ್ದನ್ನೇ ನಾವೂ ನೋಡಬೇಕು, ಆಮೇಲೆ ಅದನ್ನೇ ಕತ್ತರಿಸಿ ಸುದ್ದಿ ಮಾಡಬೇಕು.

ಇಲ್ಲಿ ನಾನು ನಿಮಗೆ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಪ್ರಚಾರದ ಸಂದರ್ಶನ ಅಂದ್ರೆ ಸಾಮಾನ್ಯವಾಗಿ ಹೇಗಿರುತ್ತೆ? ಒಂದು ಹೋಟೆಲ್ ರೂಮು, ಹಿಂದೆ ಪೋಸ್ಟರ್, ಎದುರಿಗೆ ಸ್ಟಾರ್. ಹೊರಗೆ ಹತ್ತಾರು ಚಾನೆಲ್‌ನವರು ಕ್ಯೂ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಕ್ಯಾಮೆರಾ ಹಿಂದೆ ಪ್ರಚಾರದ ಹುಡುಗ ಗಡಿಯಾರ ನೋಡ್ತಾ ನಿಂತಿರ್ತಾನೆ. ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಬರೋದು ಒಂದೇ ಉತ್ತರ. ಒಮ್ಮೆ ಒಬ್ಬ ನಟರ ಸಂದರ್ಶನಕ್ಕೆ ಮುಂಚೆ ಅವರ ಕಡೆಯವರು ನನ್ನ ಕೈಗೆ ಚೀಟಿ ಕೊಟ್ಟರು. ಕೇಳಬಾರದ ವಿಷಯ ಆರು. ಕೇಳಲೇಬೇಕಾದ್ದು ಒಂದು: 'ಈ ಸಿನಿಮಾ ಬೇರೆ ಸಿನಿಮಾಗಳಿಗಿಂತ ಹೇಗೆ ಭಿನ್ನ?' ಇಂಥ ಸಂದರ್ಶನ ನೀವು ಎಷ್ಟು ನೋಡಿಲ್ಲ ಹೇಳಿ.

ಹಾಗಾಗಿ ಆ ಹೋಟೆಲ್ ರೂಮನ್ನೇ ಬೇಡ ಅಂದವರ ಮೇಲೆ ನನಗೆ ಸ್ವಲ್ಪ ಪ್ರೀತಿಯೂ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ರೋಲಿಂಗ್ ಸ್ಟೋನ್ಸ್‌ಗೆ ಈ ಚಟ ಇವತ್ತಿನದಲ್ಲ. 1975ರ ಮೇ 1. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಪತ್ರಕರ್ತರನ್ನ ಒಂದು ಹೋಟೆಲಿಗೆ ಕರೆದಿದ್ದರು, ಪ್ರವಾಸದ ಘೋಷಣೆ ಇದೆ ಅಂತ. ಒಳಗೆ ಒಬ್ಬ ಕಾಮಿಡಿಯನ್ ತಲೆಬುಡ ಇಲ್ಲದ ಭಾಷಣ ಬಿಗೀತಾ ಇದ್ದ. ಅಷ್ಟರಲ್ಲಿ ಹೊರಗೆ ಗದ್ದಲ. ಓಡಿ ಬಂದು ನೋಡಿದರೆ ಬೀದಿಯಲ್ಲಿ ಒಂದು ತೆರೆದ ಲಾರಿ, ಅದರ ಮೇಲೆ ಇಡೀ ತಂಡ ಹಾಡ್ತಾ ಇದೆ! ಒಂದು ಹಾಡು ಮುಗಿಸಿ ಲಾರಿ ಹೊರಟೇ ಹೋಯಿತು. ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಮರುದಿನ ಸುದ್ದಿಗೆ ಮಾತ್ರ ಕೊರತೆ ಆಗಲಿಲ್ಲ. ನಮ್ಮ ಕಂಪನಿ ನಾಟಕದವರು ಗಾಡಿಗೆ ಮೈಕ್ ಕಟ್ಟಿ, ಹ್ಯಾಂಡ್‌ಬಿಲ್ ತೂರಿಕೊಂಡು ಊರು ಸುತ್ತುತ್ತಿದ್ದರಲ್ಲ, ಅದೇ ಉಪಾಯ.

ಆ ಲಾರಿ ಐಡಿಯಾ ಯಾರದ್ದು ಗೊತ್ತಾ? ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಅವರದು. ಅವರು ಒಳಗಿಂದೊಳಗೆ ಜಾಝ್ ಪ್ರೇಮಿ. ಹಿಂದೆ ಜಾಝ್ ವಾದ್ಯದವರು ಹೀಗೆ ಗಾಡಿ ಮೇಲೆ ನುಡಿಸಿಕೊಂಡು ತಮ್ಮ ಕಾರ್ಯಕ್ರಮಕ್ಕೆ ಜನ ಕರೀತಿದ್ದರು ಅನ್ನೋದು ಅವರಿಗೆ ಗೊತ್ತಿತ್ತು. ತಂಡದಲ್ಲೇ ಅತಿ ಕಡಿಮೆ ಮಾತಾಡೋ ಮನುಷ್ಯ ಕೊಟ್ಟ ಪ್ರಚಾರದ ಐಡಿಯಾ ಅದು.

ಆಮೇಲೂ ಬಿಡಲಿಲ್ಲ. 1997ರಲ್ಲಿ ಬ್ರೂಕ್ಲಿನ್ ಸೇತುವೆ ಮೇಲೆ ಜಾಗರ್ ಸ್ವತಃ ಸ್ಟೀರಿಂಗ್ ಹಿಡಿದು ಕೆಂಪು ಕ್ಯಾಡಿಲಾಕ್ ಕಾರಿನಲ್ಲಿ ಬಂದರು. 2002ರಲ್ಲಿ ನ್ಯೂಯಾರ್ಕಿನ ಒಂದು ಪಾರ್ಕಿಗೆ ದೊಡ್ಡ ಬಲೂನು ವಿಮಾನದಲ್ಲಿ ಇಳಿದರು. ಆ 2002ರ ಪ್ರವಾಸವೇ ಮುಂದೆ ಬೆಂಗಳೂರಿಗೂ ಬಂತು. 2003ರ ಏಪ್ರಿಲ್ 4, ಅರಮನೆ ಮೈದಾನ. ಸುರಿಯೋ ಮಳೆಯಲ್ಲಿ ನಡೆದ ಆ ಕಾರ್ಯಕ್ರಮಕ್ಕೆ ಹೋಗಿದ್ದವರು ಈಗಲೂ ಸಿಕ್ಕಾಗ ಹಾಡಿಗಿಂತ ಮೊದಲು ಮಳೆ ಬಗ್ಗೆ ಹೇಳ್ತಾರೆ.

ಸರಿ, 2023ಕ್ಕೆ ವಾಪಸ್ ಬರೋಣ. ಈ ಸಲದ ಆಟದ ಹಿಂದೆ ಒಂದು ಖಾಲಿ ಜಾಗ ಇತ್ತು. 2021ರ ಆಗಸ್ಟ್ 24ಕ್ಕೆ ಚಾರ್ಲಿ ವಾಟ್ಸ್ ತೀರಿಕೊಂಡಿದ್ದರು. 1963ರಿಂದ ತಂಡದ ಬೆನ್ನಿಗೆ ಕೂತಿದ್ದ ಮನುಷ್ಯ. ತಂಡ ತನ್ನದೇ ಹೊಸ ಹಾಡುಗಳ ಆಲ್ಬಂ ತಂದು 18 ವರ್ಷ ಆಗಿತ್ತು, ಹಿಂದಿನದು 2005ರದ್ದು. ನಡುವೆ 2016ರಲ್ಲಿ ಬಂದಿದ್ದು ಬೇರೆಯವರ ಹಳೆಯ ಬ್ಲೂಸ್ ಹಾಡುಗಳು. ಡ್ರಮ್ಮರ್ ಇಲ್ಲದೆ, 80ರ ವಯಸ್ಸಿನಲ್ಲಿ, ಹೊಸ ಹಾಡು ಯಾಕೆ? ಯಾರಿಗಾಗಿ? ನಿಜವಾದ ಪ್ರಶ್ನೆ ಇದೇ.

ಫಾಲನ್ ಇದನ್ನ ಇಷ್ಟು ನೇರವಾಗಿ ಕೇಳೋ ಜಾತಿಯವರಲ್ಲ. ನಗಿಸಿದರು, ಹೊಗಳಿದರು, ತಾವೇ ಅಭಿಮಾನಿಯ ಹಾಗೆ ಕುಣಿದಾಡಿದರು. ಅದನ್ನ ಸಂದರ್ಶನ ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ. ಅದು ಅಂದವಾದ ಜಾಹೀರಾತು. ಆದರೂ ಆ ನಗುವಿನ ನಡುವೆ ಕೆಲವು ಉತ್ತರ ತಾವಾಗಿಯೇ ಹೊರಬಂದವು. ಜಾಗರ್ ಒಪ್ಪಿಕೊಂಡರು, ನಾವು ಸೋಮಾರಿಗಳಾಗಿಬಿಟ್ಟಿದ್ದೆವು, ಕೊನೆಗೆ ಒಂದು ಗಡುವು ಹಾಕಿಕೊಂಡು ಕೂತೆವು ಅಂತ. ಚಾರ್ಲಿ ವಿಷಯ ಬಂದಾಗ ಮಾತಿನ ವೇಗ ತಗ್ಗಿತು. ತನಗೇನಾದರೂ ಆದರೆ ಸ್ಟೀವ್ ಜೋರ್ಡನ್‌ನ ಕರೀರಿ ಅಂತ ಚಾರ್ಲಿಯೇ ಹೇಳಿ ಹೋಗಿದ್ದರಂತೆ. ಜೋರ್ಡನ್ ಈಗ ಆ ಡ್ರಮ್ಸ್ ಹಿಂದೆ ಕೂತಿರೋದು ಯಜಮಾನರ ಒಪ್ಪಿಗೆಯಿಂದಲೇ.

ಹತ್ತು ನಿಮಿಷದ ಹೋಟೆಲ್ ರೂಮಿನಲ್ಲಿ ಇದು ಬರ್ತಿತ್ತಾ? ಬರದೇ ಇರೋ ಸಾಧ್ಯತೆಯೇ ಹೆಚ್ಚು. ಹಾಗಂತ ಫಾಲನ್ ಮಾದರಿಯೇ ಸರಿ ಅಂದುಬಿಟ್ಟರೆ ಅಪಾಯ ಇದೆ. ಇವತ್ತು ಹಾಡುಗಾರರು ತಮಗೆ ಬೇಕಾದವರನ್ನ ಎದುರು ಕೂರಿಸಿಕೊಂಡು ಮಾತಾಡ್ತಾರೆ. ನಾಳೆ ಮಂತ್ರಿಗಳೂ ಅದನ್ನೇ ಮಾಡ್ತಾರೆ. ನಾಳೆ ಏನು, ಮಾಡ್ತಾನೇ ಇದ್ದಾರೆ. ಹಾಡುಗಾರ ಉತ್ತರ ತಪ್ಪಿಸಿಕೊಂಡರೆ ನಿಮಗೇನೂ ನಷ್ಟ ಇಲ್ಲ, ಹಾಡು ಕೇಳಿ ನೀವೇ ತೀರ್ಮಾನ ಮಾಡಬಹುದು. ಮಂತ್ರಿ ತಪ್ಪಿಸಿಕೊಂಡರೆ ಕೇಳೋಕೆ ಹಾಡೂ ಇರಲ್ಲ.

ಅಕ್ಟೋಬರ್ 20ಕ್ಕೆ ಆಲ್ಬಂ ಬಂತು. 12 ಹಾಡು. ಎರಡರಲ್ಲಿ ಚಾರ್ಲಿ ಸಾಯೋಕೆ ಮುಂಚೆ ನುಡಿಸಿಟ್ಟಿದ್ದ ಡ್ರಮ್ಸ್ ಇದೆ. ಆ ಎರಡರಲ್ಲೊಂದಕ್ಕೆ, 30 ವರ್ಷದ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್ ಬಂದು ಬೇಸ್ ನುಡಿಸಿದರು. ಇನ್ನೊಂದು ಹಾಡಿಗೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬೇಸ್. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, 2025ರ ಫೆಬ್ರವರಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಂಗೆ ಗ್ರ್ಯಾಮಿ. 2024ರ ಅಮೆರಿಕ ಪ್ರವಾಸಕ್ಕೆ ಪ್ರಾಯೋಜಕರು ಯಾರು ಅಂತ ಕೇಳಿದರೆ ನಗ್ತೀರಿ. 50 ದಾಟಿದವರ ಹಿತ ನೋಡೋ ಎಎಆರ್‌ಪಿ ಅನ್ನೋ ಸಂಸ್ಥೆ!

ಆಲ್ಬಂನ ಕೊನೆಯ ಹಾಡು ಮಾತ್ರ ಅವರದಲ್ಲ, ಮಡ್ಡಿ ವಾಟರ್ಸ್ ಅವರ ಹಳೆಯ ಬ್ಲೂಸ್. ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ ಕೂತು ಮಾಡಿದ್ದು. 1962ರಲ್ಲಿ ತಂಡಕ್ಕೆ ಇನ್ನೂ ಹೆಸರಿರಲಿಲ್ಲ. ಜೊತೆಗಾರ ಬ್ರಯಾನ್ ಜೋನ್ಸ್ ಕಾರ್ಯಕ್ರಮದ ಪ್ರಚಾರಕ್ಕೆ ಅಂತ ಜಾಝ್ ನ್ಯೂಸ್ ಪತ್ರಿಕೆಗೆ ಫೋನ್ ಮಾಡಿದ್ದರು. ಆ ಕಡೆಯಿಂದ ತಂಡದ ಹೆಸರೇನು ಅಂತ ಕೇಳಿದರು. ನೆಲದ ಮೇಲೆ ಮಡ್ಡಿ ವಾಟರ್ಸ್ ರೆಕಾರ್ಡ್ ಬಿದ್ದಿತ್ತು. ಅದರ ಮೇಲೆ ಈ ಹಾಡಿನ ಹೆಸರು ಕಂಡಿತು, ಅದನ್ನೇ ಫೋನಿನಲ್ಲಿ ಓದಿಬಿಟ್ಟರು ಅಂತ ರಿಚರ್ಡ್ಸ್ ಹೇಳ್ತಾ ಬಂದಿದ್ದಾರೆ.