ಪೋಷಕರ ಸನ್ನೆಗಳು ಮತ್ತು ಶಿಶುಗಳ ವಸ್ತುಬಳಕೆ

ಚಮಚ, ಲೋಟ, ಬಾಚಣಿಗೆ ಮೊದಲಾದ ವಸ್ತುಗಳನ್ನು ಸಮಾಜದಲ್ಲಿ ರೂಢಿಯಲ್ಲಿರುವ ರೀತಿಯಲ್ಲಿ ಬಳಸಲು ಶಿಶುಗಳು ಕಲಿಯುವಾಗ, ಅವುಗಳನ್ನು ಆರೈಕೆ ಮಾಡುವವರ ಸನ್ನೆಗಳು ವಹಿಸುವ ಪಾತ್ರವು ಬೆಳವಣಿಗೆಯ ಮನೋವಿಜ್ಞಾನದ ಒಂದು ಅಧ್ಯಯನ ವಿಷಯವಾಗಿದೆ. ಇಲ್ಲಿ ಪೋಷಕರು ಎಂದರೆ ತಂದೆತಾಯಿಯರಲ್ಲದೆ ಅಜ್ಜಿ, ತಾತ, ಅಕ್ಕ, ಅಣ್ಣ ಮೊದಲಾಗಿ ಮಗುವನ್ನು ನೋಡಿಕೊಳ್ಳುವ ಎಲ್ಲರೂ ಸೇರುತ್ತಾರೆ.

ಹಿನ್ನೆಲೆ

ವಸ್ತುವೊಂದರ ಆಕಾರ, ತೂಕ ಮತ್ತು ಗಡಸುತನವನ್ನು ಶಿಶುವು ಬಾಯಿಗಿಟ್ಟು, ಬಡಿದು, ಎಸೆದು ತಾನಾಗಿಯೇ ಅರಿಯಬಲ್ಲದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂತಹ ಸ್ವಂತ ಕ್ರಿಯೆಗಳಿಗೆ ಹೆಚ್ಚಿನ ಮಹತ್ವ ನೀಡಿದರು. ಆದರೆ ಬಾಚಣಿಗೆಯು ತಲೆ ಬಾಚುವುದಕ್ಕೆ ಇದೆ ಎಂಬುದು ಕೇವಲ ಅದರ ಆಕಾರದಿಂದ ತಿಳಿಯುವ ಸಂಗತಿಯಲ್ಲ. ಅದು ಜನರ ನಡುವಿನ ರೂಢಿ. ಅದನ್ನು ಬಲ್ಲ ಇನ್ನೊಬ್ಬರ ಮೂಲಕವೇ ಅದು ಮಗುವಿಗೆ ತಲುಪಬೇಕಾಗುತ್ತದೆ. ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ (1896–1934) ಅವರ ಪ್ರಕಾರ, ಕೈಗೆಟುಕದ ವಸ್ತುವಿನತ್ತ ಮಗು ಕೈಚಾಚಿದಾಗ ತಾಯಿಯು ಅದನ್ನು ಬೇಡಿಕೆಯೆಂದು ಅರ್ಥೈಸುತ್ತಾಳೆ. ಹೀಗೆ ವಿಫಲವಾದ ಹಿಡಿತವೇ ಕ್ರಮೇಣ ಬೆರಳು ತೋರುವ ಸನ್ನೆಯಾಗುತ್ತದೆ.

ಸನ್ನೆಗಳ ಸ್ವರೂಪ

ಪೋಷಕರ ಸನ್ನೆಗಳಲ್ಲಿ ಮುಖ್ಯವಾದವು:
- ವಸ್ತುವನ್ನು ಮಗುವಿನ ಕಣ್ಣೆದುರು ಹಿಡಿದು ತೋರಿಸುವುದು ಅಥವಾ ಕೈಗೆ ಕೊಡುವುದು;
- ದೂರದ ವಸ್ತುವಿನತ್ತ ಬೆರಳು ತೋರುವುದು;
- ಬಳಕೆಯನ್ನು ಮಾಡಿ ತೋರಿಸುವುದು, ಉದಾಹರಣೆಗೆ ಖಾಲಿ ಲೋಟದಿಂದ ಕುಡಿದಂತೆ ನಟಿಸುವುದು;
- ಮಗುವಿನ ಕೈಯನ್ನೇ ಹಿಡಿದು ಕ್ರಿಯೆಯನ್ನು ಮಾಡಿಸುವುದು.

ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ತಾವೇ ಬೆರಳು ತೋರಲು ಆರಂಭಿಸುತ್ತಾರೆ. ಅದಕ್ಕೂ ಮುನ್ನ, ವಸ್ತುವೇ ಸನ್ನೆಯ ಭಾಗವಾಗಿರುವ ತೋರಿಸುವಿಕೆ ಮತ್ತು ಕೊಡುವಿಕೆಗಳು ಮಗುವಿಗೆ ಸುಲಭವಾಗಿ ಗ್ರಾಹ್ಯವಾಗುತ್ತವೆ.

ರೆಬೆಕಾ ಬ್ರ್ಯಾಂಡ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಂದಿರು ವಸ್ತುಗಳ ಬಳಕೆಯನ್ನು ವಯಸ್ಕರಿಗೆ ತೋರಿಸುವುದಕ್ಕಿಂತ ಶಿಶುಗಳಿಗೆ ತೋರಿಸುವಾಗ ಹತ್ತಿರ ಬಂದು, ಚಲನೆಗಳನ್ನು ಸರಳಗೊಳಿಸಿ, ದೊಡ್ಡದಾಗಿಸಿ, ಮತ್ತೆ ಮತ್ತೆ ಮಾಡಿ ತೋರಿಸುವುದು ಕಂಡುಬಂದಿತು. ಮಕ್ಕಳೊಡನೆ ಆಡುವ ಮುದ್ದುಮಾತಿಗೆ ಸಮಾನವಾದ ಈ ಶೈಲಿಯನ್ನು ‘ಮೋಷನೀಸ್’ ಎಂದು ಕರೆಯಲಾಗುತ್ತದೆ.

ಬೋಧನೆಯೋ, ಅನುಕರಣೆಯೋ?

ಗ್ಯೋರ್ಗಿ ಗೆರ್ಗೆಯ್, ಹೆರಾಲ್ಡ್ ಬೆಕರಿಂಗ್ ಮತ್ತು ಇಲ್ದಿಕೊ ಕಿರಾಯ್ ಅವರ 2002ರ ಪ್ರಯೋಗದಲ್ಲಿ ಮಹಿಳೆಯೊಬ್ಬಳು ದೀಪವನ್ನು ಹಣೆಯಿಂದ ಒತ್ತಿ ಬೆಳಗಿಸುವುದನ್ನು 14 ತಿಂಗಳ ಶಿಶುಗಳಿಗೆ ತೋರಿಸಲಾಯಿತು. ಆಕೆಯ ಕೈಗಳು ಬಿಡುವಾಗಿ ಮೇಜಿನ ಮೇಲಿದ್ದಾಗ 69% ಶಿಶುಗಳು ಹಣೆಯನ್ನು ಬಳಸಿದವು. ಆಕೆ ಎರಡೂ ಕೈಗಳಿಂದ ಕಂಬಳಿಯನ್ನು ಹಿಡಿದುಕೊಂಡಿದ್ದಾಗ ಹಾಗೆ ಮಾಡಿದವು 21% ಮಾತ್ರ. ಕಂಡದ್ದನ್ನೆಲ್ಲ ನಕಲು ಮಾಡದೆ, ಆ ಕ್ರಮದ ಕಾರಣವನ್ನೂ ಶಿಶುಗಳು ಪರಿಗಣಿಸುತ್ತವೆ ಎಂಬುದು ಸಂಶೋಧಕರ ವಾದವಾಗಿತ್ತು. ಮುಂದೆ ಗೆರ್ಗೆಯ್ ಮತ್ತು ಗೆರ್ಗೆಯ್ ಚಿಬ್ರಾ ‘ಸಹಜ ಬೋಧನೆ’ ಸಿದ್ಧಾಂತವನ್ನು ಮಂಡಿಸಿ, ನೇರ ನೋಟ, ಮುದ್ದುಮಾತು ಮುಂತಾದ ಸೂಚನೆಗಳು ‘ಇದು ನಿನಗೆ ಕಲಿಸುತ್ತಿರುವುದು’ ಎಂಬ ಅರಿವನ್ನು ಮಗುವಿನಲ್ಲಿ ಮೂಡಿಸುತ್ತವೆ ಎಂದರು.

ಇದಕ್ಕೆ ಭಿನ್ನ ವಿವರಣೆಯೂ ಇದೆ. ಮಾರ್ಕುಸ್ ಪೌಲುಸ್ ಮತ್ತು ಸಂಗಡಿಗರು 2011ರಲ್ಲಿ, ಬಾಗುವಾಗ ಕೈಯೂರುವುದು ಶಿಶುವಿನ ದೇಹಕ್ಕೂ ಸಾಧ್ಯವಾದ ಚಲನೆಯಾದ್ದರಿಂದಲೇ ಅನುಕರಣೆ ಹೆಚ್ಚಿತು ಎಂದು ವಾದಿಸಿದರು. ಮೊದಲ ಪ್ರಯೋಗದಲ್ಲಿ ಪಾಲ್ಗೊಂಡಿದ್ದ ಬೆಕರಿಂಗ್ ಈ ಅಧ್ಯಯನದಲ್ಲಿಯೂ ಸಹಲೇಖಕರಾಗಿದ್ದರು.

ಸಾಂಸ್ಕೃತಿಕ ವ್ಯತ್ಯಾಸ

ಬಾರ್ಬರಾ ರೋಗಾಫ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿ, ಟರ್ಕಿಯ ಕೆಚಿಯೊರೆನ್, ಗ್ವಾಟೆಮಾಲಾದ ಸ್ಯಾನ್ ಪೆಡ್ರೊ ಮತ್ತು ಭಾರತದ ಬುಡಕಟ್ಟು ಗ್ರಾಮವಾದ ಧೋಲ್-ಕಿ-ಪಟ್ಟಿಯ ಪುಟ್ಟ ಮಕ್ಕಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಮೊದಲೆರಡು ಕಡೆ ಪೋಷಕರು ಮಾತಿನ ಮೂಲಕ ಪಾಠದಂತೆ ಕಲಿಸುವುದು ಹೆಚ್ಚಾಗಿತ್ತು. ಕೊನೆಯ ಎರಡು ಕಡೆ ಮಕ್ಕಳು ಹಿರಿಯರ ಕೆಲಸವನ್ನು ಗಮನಿಸುತ್ತಲೇ ಕಲಿಯುತ್ತಿದ್ದರು. ಪೋಷಕರು ನೋಟ, ಸ್ಪರ್ಶ ಮತ್ತು ಸನ್ನೆಗಳಿಂದ ನೆರವಾಗುತ್ತಿದ್ದರು. ಆದ್ದರಿಂದ ಮಾತು ಕಡಿಮೆಯಿರುವುದನ್ನು ಕಲಿಸುವಿಕೆಯ ಕೊರತೆಯೆಂದು ಭಾವಿಸಲಾಗದು. ಒಂದು ಸಮಾಜದ ಕ್ರಮವನ್ನೇ ಎಲ್ಲ ಮಕ್ಕಳ ಬೆಳವಣಿಗೆಯ ಅಳತೆಗೋಲಾಗಿಸುವುದೂ ಸರಿಯಾಗದು.