ಗುಮಟೆಯ ಊರಿಗೆ ಎರಡು ದಿನ

ಕಾರವಾರದಲ್ಲಿ ಕಲೆ ನೋಡಬೇಕು ಎಂದು ಆಟೊದವರಿಗೆ ಹೇಳಿದರೆ ಅವರು ಕಡಲತೀರದ ರಾಕ್ ಗಾರ್ಡನ್ ಮುಂದೆ ಇಳಿಸುವ ಸಾಧ್ಯತೆಯೇ ಹೆಚ್ಚು. ಹಾಲಕ್ಕಿ, ಸಿದ್ದಿ, ಗೌಳಿ, ಕುಣಬಿ ಜನರ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ಉದ್ಯಾನ ಅದು. ಗುಡಿಸಲು, ದನಕರು, ಅಡುಗೆಯ ಒಲೆ, ಕುಣಿತ ಎಲ್ಲವೂ ಅಲ್ಲಿವೆ. ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ, ದೊಡ್ಡವರು ನೆರಳು ಹುಡುಕುತ್ತಾರೆ. ಆದರೆ ಇಲ್ಲಿ ಶಿಲ್ಪವಾಗಿ ನಿಂತ ಹಾಲಕ್ಕಿಗಳು ನಿಜವಾಗಿ ಕುಣಿಯುವುದನ್ನು ನೋಡಲು ಮೂವತ್ತೈದು ಕಿಲೊಮೀಟರ್ ದಕ್ಷಿಣಕ್ಕೆ, ಅಂಕೋಲೆಯ ಕೊಪ್ಪಗಳಿಗೆ, ಅಂದರೆ ಅವರ ಕೇರಿಗಳಿಗೆ ಹೋಗಬೇಕು. ಅದೂ ಸರಿಯಾದ ತಿಂಗಳಲ್ಲಿ.

ತಿಂಗಳ ಮಾತು ಇಲ್ಲಿ ಮುಖ್ಯ. ಬೆಂಗಳೂರಿನ ಚಿತ್ರಶಾಲೆಗಳಿಗೆ ಯಾವ ಭಾನುವಾರ ಹೋದರೂ ಗೋಡೆಯ ಮೇಲೆ ಏನಾದರೂ ಇರುತ್ತದೆ. ಕಾರವಾರ ಮತ್ತು ಅಂಕೋಲೆಯ ಕಲೆಗಳು ಪಂಚಾಂಗವನ್ನು ನಂಬಿಕೊಂಡವು. ಚೌತಿಗೆ ಗುಮಟೆ ವಾದ್ಯ, ಚಳಿಗಾಲದ ಜಾತ್ರೆಗೆ ರಂಗೋಲಿ, ಫಾಲ್ಗುಣಕ್ಕೆ ಸುಗ್ಗಿ ಕುಣಿತ, ವೈಶಾಖಕ್ಕೆ ಬಂಡಿಹಬ್ಬ. ವಾರಾಂತ್ಯಕ್ಕೆ ಬರುವವರು ಹೋಟೆಲ್ ಕೋಣೆ ಕಾದಿರಿಸುವ ಮೊದಲು ತಿಥಿ ನೋಡಿಕೊಳ್ಳುವುದು ಒಳ್ಳೆಯದು.

ಕಾರವಾರದಿಂದಲೇ ಶುರು ಮಾಡೋಣ. ಪೇಟೆಯ ಮಾರುತಿ ಗಲ್ಲಿಯಲ್ಲಿರುವ ಮಾರುತಿ ದೇವಸ್ಥಾನದ ಜಾತ್ರೆಯನ್ನು ಊರವರು ರಂಗೋಲಿ ಜಾತ್ರೆ ಎಂದೇ ಕರೆಯುತ್ತಾರೆ. ದೇವರ ದರ್ಶನಕ್ಕೆ ಬಂದಷ್ಟೇ ಜನ ರಂಗೋಲಿ ನೋಡಲೂ ಬರುತ್ತಾರೆ, ಗೋವಾ ಕಡೆಯವರೂ ಇರುತ್ತಾರೆ. ಗಲ್ಲಿಯ ಮನೆಗಳ ಮುಂದೆ ಒಂದು ಕಡೆ ಅಜ್ಜಿಯ ಕಾಲದ ಚುಕ್ಕಿ ರಂಗೋಲಿ, ಪಕ್ಕದ ಮನೆಯಲ್ಲಿ ಸಿನಿಮಾ ನಟನ ಮುಖ, ಅದರಾಚೆ ಸೈನಿಕ, ಇನ್ನೊಂದು ಜಗುಲಿಯ ಬುಡದಲ್ಲಿ ವಿಠ್ಠಲ. ಭಾವಚಿತ್ರದ ರಂಗೋಲಿಯನ್ನು ಹತ್ತಿರದಿಂದ ನೋಡಿದವರಿಗೇ ಅದರ ಕಷ್ಟ ತಿಳಿಯುವುದು. ಮೊದಲು ನೆಲವನ್ನು ಸಮ ಮಾಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದ ಪುಡಿಯನ್ನು ಮಂಜಿನಷ್ಟು ತೆಳುವಾಗಿ ಉದುರಿಸುತ್ತ ಹೋಗಬೇಕು. ಕೆನ್ನೆಯ ಬಣ್ಣ ಗಲ್ಲಕ್ಕೆ ಬರುವಷ್ಟರಲ್ಲಿ ನೆರಳಾಗಬೇಕು, ನೆರಳು ಕುತ್ತಿಗೆಯಲ್ಲಿ ಕಪ್ಪಿಗೆ ತಿರುಗಬೇಕು. ಕುಂಚದ ಚಿತ್ರವಾದರೆ ತಪ್ಪಿದ ಜಾಗಕ್ಕೆ ಮತ್ತೊಂದು ಪದರ ಬಳಿಯಬಹುದು. ಇಲ್ಲಿ ಪುಡಿಯ ಮೇಲೆ ಪುಡಿ ಬಿದ್ದರೆ ಬಣ್ಣ ಕೊಳೆಯಾಗುತ್ತದೆ. ಮೇಲಾಗಿ ಕಡಲಗಾಳಿ. ಸಂಜೆ ಗಾಳಿ ಎದ್ದರೆ ಕಣ್ಣಿನ ಹೊಳಪಿಗೆಂದು ಇಟ್ಟ ಬಿಳಿ ಚುಕ್ಕೆ ಮೊದಲು ಹಾರುತ್ತದೆ.

ಇವನ್ನು ಬಿಡಿಸುವವರಲ್ಲಿ ಕಲಾಶಾಲೆ ಕಂಡವರಿದ್ದಾರೆ, ಮನೆಯಲ್ಲೇ ಕಲಿತವರೂ ಇದ್ದಾರೆ. ಚಿತ್ರಕ್ಕೆ ಚೌಕಟ್ಟಿಲ್ಲ, ಬೆಲೆಯ ಚೀಟಿಯೂ ಇಲ್ಲ. ತಾಸುಗಟ್ಟಲೆ ಕೂತು ಬಿಡಿಸಿದ ಮುಖವನ್ನು ಜಾತ್ರೆ ಮುಗಿದ ಮೇಲೆ ಮನೆಯವರೇ ಗುಡಿಸುತ್ತಾರೆ. ಬೀದಿಯ ಕಲೆಯನ್ನು ಹೊಸ ಸಂಗತಿಯೆಂಬಂತೆ ಮಹಾನಗರಗಳು ಚರ್ಚಿಸುವ ಹೊತ್ತಿನಲ್ಲಿ, ಒಂದು ಸಣ್ಣ ಊರಿನ ಗಲ್ಲಿಯೊಂದು ಅದನ್ನು ತನ್ನ ಜಾತ್ರೆಯ ಭಾಗವಾಗಿಯೇ ಮಾಡಿಕೊಂಡಿರುವುದು ಹೆಮ್ಮೆಪಡಬೇಕಾದ ವಿಷಯ.

ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಭಾರತೀಯ ಸಿವಿಲ್ ಸೇವೆಗೆ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ರವೀಂದ್ರರು ಇಲ್ಲಿ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿ. ಅದು 1884ರಲ್ಲಿ ಪ್ರಕಟವಾಯಿತು. ಆತ್ಮಕಥನ ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟು, ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದ ಬೆಳದಿಂಗಳ ರಾತ್ರಿಯನ್ನು ನೆನೆದಿದ್ದಾರೆ. ಇಂದು ಅದೇ ಮರಳಿನ ಅಂಚಿನಲ್ಲಿ ಮಯೂರವರ್ಮ ವೇದಿಕೆ ಇದೆ. ಯುದ್ಧನೌಕೆ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಅದರ ಬಳಿ ಚೆಂಡಿಯಾದಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಪ್ರತಿಮೆ.

ಊರಿನ ಮಾತು ಹೆಚ್ಚಾಗಿ ಕೊಂಕಣಿ. ಜಾತ್ರೆಗಳ ರಾತ್ರಿ ಕೊಂಕಣಿ ನಾಟಕಗಳೂ ನಡೆಯುತ್ತವೆ. ಮಾಜಾಳಿಯಲ್ಲಿ ಹುಟ್ಟಿದ ಕೊಂಕಣಿ ಲೇಖಕ ಮಹಾಬಳೇಶ್ವರ ಸೈಲ್ ಅವರಿಗೆ 2016ರ ಸರಸ್ವತಿ ಸಮ್ಮಾನ ತಂದುಕೊಟ್ಟ ಕಾದಂಬರಿ ‘ಹಾವಠಣ’. ಅದರ ವಸ್ತು ಗೋವಾದ ಕುಂಬಾರರ ಬದುಕು, ಆವಿಗೆಯ ಸುತ್ತ ಕಟ್ಟಿಕೊಂಡು ಕ್ರಮೇಣ ಕರಗಿದ ಕಸುಬು. ಆ ಕಸುಬಿನ ಮಾತು ಈ ಪಯಣಕ್ಕೆ ಬೇಕಾಗಿಯೇ ಬರುತ್ತದೆ, ಏಕೆಂದರೆ ಈ ಸೀಮೆಯ ಮುಖ್ಯ ವಾದ್ಯ ಕುಂಬಾರನ ಕೈಯಲ್ಲೇ ಹುಟ್ಟುತ್ತದೆ.

ಗುಮಟೆಯೆಂದರೆ ಎರಡು ಬಾಯಿಯ ಮಣ್ಣಿನ ಗಡಿಗೆ. ಒಂದು ಬಾಯಿ ಅಗಲ, ಇನ್ನೊಂದು ಕಿರಿದು. ಅಗಲದ ಬಾಯಿಗೆ ಚರ್ಮ ಬಿಗಿಯುತ್ತಾರೆ, ಕಿರಿದನ್ನು ತೆರೆದೇ ಬಿಡುತ್ತಾರೆ. ಹಗ್ಗ ಕಟ್ಟಿ ಹೆಗಲಿಗೆ ಇಳಿಬಿಟ್ಟು ಸೊಂಟದ ಬಳಿ ಅಡ್ಡ ಹಿಡಿದ ಗುಮಟೆಯ ಚರ್ಮದ ಮೇಲೆ ಒಂದು ಕೈ ಆಡುತ್ತದೆ. ಇನ್ನೊಂದು ಕೈ ಕಿರಿದಾದ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆ. ಮುಚ್ಚಿದಾಗ ಗಾಳಿ ಒಳಗೇ ಸಿಕ್ಕಿ ನಾದ ಗುಂಭವಾಗುತ್ತದೆ, ತೆರೆದಾಗ ಬಿಡಿಸಿಕೊಂಡು ಹೊರಬರುತ್ತದೆ. ನೋಡುವವರ ಕಣ್ಣು ಹೊಡೆಯುವ ಕೈಯ ಮೇಲೇ ಇರುತ್ತದೆ. ಗುಮಟೆಯನ್ನು ನಿಜವಾಗಿ ಮಾತನಾಡಿಸುವುದು ಆ ಇನ್ನೊಂದು ಅಂಗೈ. ತೇವದ ಹವೆಯಲ್ಲಿ ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿದು ಕಾಯಿಸಿಕೊಳ್ಳುತ್ತಾರೆ.

ಹಿಂದೆ ಈ ಚರ್ಮ ಉಡದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡಕ್ಕೆ ರಕ್ಷಣೆ ಸಿಕ್ಕಿದ ಮೇಲೆ ಅದನ್ನು ಕೊಲ್ಲುವುದು ಅಪರಾಧ. ಈಗ ಆಡಿನ ಚರ್ಮ ಬಂದಿದೆ. ನಾದ ಮೊದಲಿನಂತಿಲ್ಲ ಎನ್ನುವ ಹಿರಿಯರು ಇದ್ದಾರೆ. ಆದರೂ ಈ ಬದಲಾವಣೆ ಆಗಬೇಕಾಗಿದ್ದೇ. ಕಾಡಿನ ಪ್ರಾಣಿಯನ್ನು ಉಳಿಸಿಕೊಂಡೇ ವಾದ್ಯವನ್ನೂ ಉಳಿಸಬಹುದು ಎಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಅಲ್ಲಿ ಘುಮಟ್ ಎಂದು ಕರೆಯುವ ಇದೇ ವಾದ್ಯವನ್ನು 2019ರಲ್ಲಿ ಸರ್ಕಾರ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಕಾಳಿ ನದಿಯ ಈಚೆಗೆ ಅಂಥ ಮಾನ್ಯತೆ ಸಿಕ್ಕರೆ ಗುಮಟೆ ಮಾಡುವ ಕುಂಬಾರರಿಗೂ ಒಂದು ಆಸರೆಯಾದೀತು. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಮಡಕೆಗೆ ಗಿರಾಕಿ ಕಡಿಮೆ. ಆವಿಗೆ ಹೂಡುವವರೇ ಇಲ್ಲವಾದರೆ ಬಾರಿಸುವವರು ಎಷ್ಟಿದ್ದು ಏನು ಬಂತು?

ತಾಳ, ಜಾಗಟೆಗಳ ಜೊತೆ ಗುಮಟೆ ಬಾರಿಸುತ್ತ ಹಾಡುವ ಮೇಳಕ್ಕೆ ಗುಮಟೆ ಪಾಂಗ್ ಎನ್ನುತ್ತಾರೆ. ಚೌತಿಯ ದಿನಗಳಲ್ಲಿ ಗಣಪತಿಯ ಮುಂದೆ, ಮೇಲೆ ಕಟ್ಟಿದ ಫಲಾವಳಿಯ ಕೆಳಗೆ ಇದು ನಡೆಯುತ್ತದೆ. ಹಾಡು ನಿಧಾನವಾಗಿ ಶುರುವಾಗಿ ಏರುತ್ತ ಹೋಗುತ್ತದೆ. ಕೊನೆಯ ಹೊತ್ತಿಗೆ ಪದಕ್ಕಿಂತ ಗುಮಟೆಯದೇ ಕಾರುಬಾರು.

ಶನಿವಾರ ಕಾರವಾರ ಮುಗಿಸಿ ಭಾನುವಾರ ಬೆಳಿಗ್ಗೆ ಅಂಕೋಲೆಯ ಬಸ್ ಹತ್ತಿದರೆ ಬಲಕ್ಕೆ ಕಡಲು ಸಿಗುತ್ತದೆ, ಆಮೇಲೆ ನೌಕಾನೆಲೆಯ ಉದ್ದನೆಯ ಗೋಡೆ. ಸೀಬರ್ಡ್ ಯೋಜನೆಗಾಗಿ ಈ ದಂಡೆಯ ಹಲವು ಊರುಗಳು ಎದ್ದುಹೋದವು. ಅಲ್ಲಿನ ಜನ ತೋಡೂರು, ಅಮದಳ್ಳಿ, ಹಾರವಾಡ, ಬೆಲೇಕೇರಿಯ ಪುನರ್ವಸತಿ ನೆಲೆಗಳಿಗೆ ಬಂದರು. ಊರು ಎದ್ದಾಗ ಮನೆಗೂ ಜಮೀನಿಗೂ ಪರಿಹಾರ ಲೆಕ್ಕ ಹಾಕುತ್ತಾರೆ. ಮೇಳ ಸೇರುತ್ತಿದ್ದ ಅಂಗಳ, ಸುಗ್ಗಿ ಹೊರಡುತ್ತಿದ್ದ ದೇವರ ಕಟ್ಟೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಕರಾವಳಿಯ ಜಾನಪದದ ಬಗ್ಗೆ ಬರೆಯುವವರು ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಅಂಕೋಲೆ ತಾಲೂಕಿನ ದೊಡ್ಡ ಸಿರಿ ಸುಗ್ಗಿ. ಫಾಲ್ಗುಣದ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡಗಳು ಮನೆಮನೆಗೆ ಹೋಗಿ ಕುಣಿಯುತ್ತವೆ. ಬೇರೆ ಸಮುದಾಯಗಳಲ್ಲೂ ಸುಗ್ಗಿ ಇದೆ, ಹೆಸರಾದದ್ದು ಹಾಲಕ್ಕಿಗಳದ್ದು. ಕುಣಿಯುವವರ ತಲೆಯ ಮೇಲೆ ತುರಾಯಿ. ಬೆಂಡಿನಲ್ಲಿ ಕತ್ತರಿಸಿದ ಹೂವು, ಹಕ್ಕಿ, ಬಣ್ಣದ ಕಾಗದ, ಬೇಗಡೆ ಎಲ್ಲವನ್ನೂ ಕಡ್ಡಿಗಳಿಗೆ ಸಿಕ್ಕಿಸಿ ಎತ್ತರಕ್ಕೆ ಕಟ್ಟಿದ ಕಿರೀಟ ಅದು. ಹೆಜ್ಜೆ ಹಾಕಿದಾಗ ಒಂದೊಂದು ಹೂವೂ ಬೇರೆ ಬೇರೆ ನಡುಗುವಂತೆ ಕಡ್ಡಿಗಳನ್ನು ಸಡಿಲ ಬಿಟ್ಟಿರುತ್ತಾರೆ. ಬೆಂಡು ಹಗುರ, ಹಾಗಾಗಿ ಬಿಸಿಲಲ್ಲಿ ದಿನವಿಡೀ ಹೊತ್ತು ಕುಣಿಯಲು ಸಾಧ್ಯ. ಕೈಯಲ್ಲಿ ನವಿಲುಗರಿಯ ಕುಂಚ, ಕೋಲು, ನಡುವೆ ಗುಮಟೆ, ‘ಹೋ ಹೋ ಚೋ’ ಎಂಬ ಕೂಗಿಗೆ ಸುತ್ತಿನ ದಿಕ್ಕು ಬದಲಾಗುತ್ತದೆ.

ಬೆಳಂಬಾರದ ಸುಗ್ಗಿ ಎಲ್ಲಕ್ಕಿಂತ ಹೆಸರುವಾಸಿ. ಅಲ್ಲಿನ ತಂಡ ಪೇಟೆಗೆ ಬಂದು ತಹಶೀಲ್ದಾರ್ ಕಚೇರಿಯ ಎದುರು ಕುಣಿಯುವ ವಾಡಿಕೆ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ವರ್ಷವಿಡೀ ಪಹಣಿ, ಪ್ರಮಾಣಪತ್ರಕ್ಕಾಗಿ ಸಾಲು ನಿಲ್ಲುವ ಅಂಗಳದಲ್ಲಿ ಅಂದು ರೈತರೇ ಮಧ್ಯಕ್ಕೆ ಬರುತ್ತಾರೆ, ಅಧಿಕಾರಿಗಳು ಸುತ್ತ ನಿಂತು ನೋಡುತ್ತಾರೆ. ಸುಗ್ಗಿಯ ಕೊನೆಗೆ ಹಗರಣ. ವೇಷ ಕಟ್ಟಿ ಬೀದಿಯಲ್ಲಿ ಬರುವ ಈ ಅಣಕದಲ್ಲಿ ಊರಿನ ರಾಜಕಾರಣಿಯಿಂದ ಹಿಡಿದು ಆ ವರ್ಷದ ಸುದ್ದಿಗಳವರೆಗೆ ಯಾವುದಕ್ಕೂ ವಿನಾಯಿತಿ ಇಲ್ಲ. ಪತ್ರಿಕೆಯ ವ್ಯಂಗ್ಯಚಿತ್ರ ಮಾಡುವ ಕೆಲಸವನ್ನು ಓದುಬರಹ ಹೆಚ್ಚಿಲ್ಲದ ಕೊಪ್ಪಗಳು ಮೈಮೇಲೆ ಬಣ್ಣ ಬಳಿದುಕೊಂಡು ಮಾಡಿಕೊಂಡು ಬಂದಿವೆ.

ಸುಗ್ಗಿ ಗಂಡಸರದ್ದು. ಹಾಡು ಹೆಂಗಸರದ್ದು. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾಡು ಸುಕ್ರಜ್ಜಿ ಎಂದು ಕರೆಯಿತು. ತಾಯಿಯಿಂದ ಕಲಿತ ಹಾಡುಗಳನ್ನು ಅವರು ಮದುವೆಯ ಚಪ್ಪರದಲ್ಲಿ, ನಾಟಿಯ ಗದ್ದೆಯಲ್ಲಿ, ತಾರ್ಲೆ ಕುಣಿತದಲ್ಲಿ ಹಾಡಿದರು, ಆಕಾಶವಾಣಿಗೂ ಹಾಡಿದರು. ಕುಡಿತದಿಂದ ತಮ್ಮವರನ್ನೇ ಕಳೆದುಕೊಂಡ ಆ ತಾಯಿ ಸಾರಾಯಿ ವಿರುದ್ಧದ ಹೋರಾಟದ ಮುಂದಾಳಾದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2017ರಲ್ಲಿ ಪದ್ಮಶ್ರೀ ಬಂದವು. 2025ರ ಫೆಬ್ರುವರಿ 13ರಂದು ಅವರು ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, 2024ರ ಡಿಸೆಂಬರ್ 16ರಂದು, ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹೋಗಿದ್ದರು. ಕಾಡು ಬೆಳೆಸಿದ್ದಕ್ಕಾಗಿ ಪದ್ಮಶ್ರೀ ಪಡೆದವರು. ಇಬ್ಬರೂ ಹಾಲಕ್ಕಿ ಹೆಣ್ಣುಮಕ್ಕಳು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಸುಕ್ರಜ್ಜಿಯ ಹಾಡುಗಳು ಧ್ವನಿಮುದ್ರಣಗಳಲ್ಲಿ ಉಳಿದಿವೆ, ಅದು ಸಮಾಧಾನ. ಆದರೆ ನೂರು ಸಾಲಿನ ಹಾಡನ್ನು ನಾಲಗೆಯ ಮೇಲೆ ಇಟ್ಟುಕೊಳ್ಳಲು ದಿನವೂ ಜೊತೆಗೂಡಿ ಮಾಡುವ ಕೆಲಸವೊಂದು ಬೇಕು. ನಾಟಿಗೆ ಆಳು ಸಿಗದ, ಬೀಸುಕಲ್ಲು ಮೂಲೆ ಸೇರಿದ ಮನೆಯಲ್ಲಿ ಹಾಡಿಗೆ ಜಾಗ ಎಲ್ಲಿ? ಶಾಲೆಗಳ ವಾರ್ಷಿಕೋತ್ಸವದಲ್ಲಿ ಹಾಲಕ್ಕಿ ವೇಷ ತೊಟ್ಟ ಮಕ್ಕಳು ಕುಣಿಯುವುದು ಚೆಂದವೇ. ಅದರ ಜೊತೆಗೆ ಕೊಪ್ಪದ ಅಜ್ಜಿಯೊಬ್ಬರನ್ನು ವಾರಕ್ಕೊಮ್ಮೆ ಶಾಲೆಗೆ ಕರೆಸಿ, ಗೌರವಧನ ಕೊಟ್ಟು, ಮಕ್ಕಳಿಗೆ ಹಾಡು ಕಲಿಸಿದರೆ ಅದಕ್ಕಿಂತ ದೊಡ್ಡ ಕೆಲಸವಾದೀತು.

ಅಂಕೋಲೆಗೆ ಅಕ್ಷರದ ನಂಟೂ ಗಾಢ. ನಾಲ್ಕೇ ಸಾಲಿನ ಚುಟುಕವನ್ನು ಕನ್ನಡದ ಮನೆಮಾತಾಗಿಸಿದ ದಿನಕರ ದೇಸಾಯಿ ಈ ನೆಲದವರು. ಅವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್‌ನ ಶಾಲೆ ಕಾಲೇಜುಗಳು ಬಡ ಒಕ್ಕಲು ಮಕ್ಕಳನ್ನು ಓದಿಸಿದವು; 1966ರಲ್ಲಿ ಆರಂಭವಾದ ಗೋಖಲೆ ಸೆಂಟಿನರಿ ಕಾಲೇಜು ಪೇಟೆಯಲ್ಲೇ ಇದೆ. ಅಂಬಾರಕೊಡ್ಲದ ಕವಿ ವಿಷ್ಣು ನಾಯ್ಕರು ತಮ್ಮ ಹಳ್ಳಿಯಿಂದಲೇ ರಾಘವೇಂದ್ರ ಪ್ರಕಾಶನ ನಡೆಸಿದರು, ಮನೆಯ ‘ಪರಿಮಳದಂಗಳ’ವನ್ನು ಸಾಹಿತ್ಯದ ಸಭೆಗಳಿಗೆ ತೆರೆದಿಟ್ಟರು. 2024ರಲ್ಲಿ ಅವರೂ ಅಗಲಿದರು. ಒಂದೇ ವರ್ಷದ ಅಂತರದಲ್ಲಿ ಒಂದು ತಾಲೂಕು ಕಳೆದುಕೊಂಡದ್ದು ಬಹಳ.

ಬರುವವರಿಗೆ ಒಂದೆರಡು ಉಪಯೋಗದ ಮಾತು. ಕಾರವಾರದ ಮಾರುತಿ ಗಲ್ಲಿಯ ರಂಗೋಲಿ ನೋಡಲು ಸಂಜೆ ಹೋಗಿ, ಚಪ್ಪಲಿಯ ಧೂಳು ಹಾರದಂತೆ ಬದಿಯಲ್ಲಿ ನಡೆಯಿರಿ. ಮೇ ತಿಂಗಳಲ್ಲಿ ಬಂದರೆ ಅಂಕೋಲೆಯ ಶಾಂತಾದುರ್ಗಾ ದೇವಿಯ ಬಂಡಿಹಬ್ಬದ ಜೊತೆಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕರಿ ಇಶಾಡ ಮಾವೂ ಸಿಕ್ಕೀತು. ಸುಗ್ಗಿಗೆ ಟಿಕೆಟ್ ಇಲ್ಲ, ಛಾಪಿಸಿದ ಕಾರ್ಯಕ್ರಮ ಪಟ್ಟಿಯೂ ಇಲ್ಲ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಅಂಕೋಲೆ ಬಸ್ ನಿಲ್ದಾಣದಲ್ಲಿ ಇಳಿದು, ಬೆಳಂಬಾರದವರ ಸುಗ್ಗಿ ಇವತ್ತು ಯಾವ ಕಡೆ ಎಂದು ಹೂವು ಮಾರುವವರನ್ನೋ ಮೀನು ಮಾರುವವರನ್ನೋ ಕೇಳಿ. ಕುಣಿತ ಬಂದ ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ನೋಡಲು ನಿಂತವರೂ ಕೈಲಾದಷ್ಟು ಕಾಣಿಕೆ ಹಾಕಬಹುದು. ಮೊಬೈಲ್ ಹಿಡಿಯುವ ಮೊದಲು ತಂಡದ ಹಿರಿಯರನ್ನು ಒಂದು ಮಾತು ಕೇಳಿ.