ನೀರಿನಲ್ಲೇ ನಿಂತ ಮೇವು ಬಾಡುವುದೇಕೆ?



ಕೆರೆಯ ಕೆಳಗಿನ ತಗ್ಗು ಗದ್ದೆ, ಕಾಲುವೆ ಸೋರಿ ಜೌಗು ಹಿಡಿದ ಜಮೀನು ನಿಮ್ಮಲ್ಲಿ ಹಲವರಿಗಿದೆ. ನೀರಿಗೆ ಬರವಿಲ್ಲವೆಂದು ಅಲ್ಲಿ ಹೈಬ್ರಿಡ್ ನೇಪಿಯರ್ ಅಥವಾ ಕುದುರೆಮಸಾಲೆ ಹಾಕುವುದುಂಟು. ಮಳೆಗಾಲದಲ್ಲಿ ನೀರು ನಿಂತ ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗಿ, ಬಾಯಾರಿದಂತೆ ಬಾಡುತ್ತದೆ. ಪಕ್ಕದಲ್ಲೇ ಭತ್ತ, ಜೊಂಡು ಹಸಿರಾಗಿರುತ್ತವೆ. ಇದರ ಕಾರಣ ತಿಳಿದರೆ ಮೇವಿಗೆ ಹಾಕಿದ ಹಣ ನೀರುಪಾಲಾಗುವುದು ತಪ್ಪುತ್ತದೆ.

ಮಣ್ಣಿನಿಂದ ಬೇರಿಗೆ

ಮಣ್ಣಿನ ಕಣಗಳ ನಡುವೆ ಸಣ್ಣ, ದೊಡ್ಡ ರಂಧ್ರಗಳಿವೆ. ಮಳೆ ನಿಂತ ಮೇಲೆ ದೊಡ್ಡ ರಂಧ್ರಗಳ ನೀರು ಬಸಿದುಹೋಗಿ ಅಲ್ಲಿ ಗಾಳಿ ತುಂಬುತ್ತದೆ. ಸಣ್ಣ ರಂಧ್ರಗಳು ನೀರನ್ನು ಹಿಡಿದಿಡುತ್ತವೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ, ಇವುಗಳ ಮೂಲಕ ಕೆಳಗಿನ ನೀರು ಮೇಲಕ್ಕೂ ಏರುತ್ತದೆ. ಮರಳು ಮಣ್ಣಿನಲ್ಲಿ ಬೇಗ ಏರಿದರೂ ಸ್ವಲ್ಪ ಎತ್ತರಕ್ಕೆ ಮಾತ್ರ. ಜೇಡಿಮಣ್ಣಿನಲ್ಲಿ ನಿಧಾನವಾಗಿ, ಆದರೆ ಹೆಚ್ಚು ಎತ್ತರಕ್ಕೆ.

ಎಲೆಗಳಿಂದ ನೀರು ಆವಿಯಾದಂತೆ ಗಿಡದೊಳಗೆ ಎಳೆತ ಉಂಟಾಗಿ ಬೇರುಗಳು ಮಣ್ಣಿನ ನೀರನ್ನು ಹೀರುತ್ತವೆ. ಆದರೆ ಬೇರೂ ಉಸಿರಾಡಬೇಕು. ಜೌಗಿನಲ್ಲಿ ಎಲ್ಲ ರಂಧ್ರಗಳೂ ನೀರಿನಿಂದ ತುಂಬಿರುತ್ತವೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಳಿದ ಆಮ್ಲಜನಕವನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸುತ್ತವೆ. ಉಸಿರು ಕಟ್ಟಿದ ಬೇರಿನ ಜೀವಕೋಶಗಳಲ್ಲಿ ನೀರು ಒಳಬರುವ ದಾರಿಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದರೂ ಗಿಡ ಕುಡಿಯಲಾರದು.

ಜೌಗು ಸಸ್ಯಗಳ ಅನುಕೂಲ

ಭತ್ತದ ಬೇರಿನೊಳಗೆ ಗಾಳಿಯ ಕೊಳವೆಗಳಿವೆ. ಎಲೆ, ಕಾಂಡಗಳಿಂದ ಆಮ್ಲಜನಕ ಇವುಗಳ ಮೂಲಕ ಬೇರಿನ ತುದಿಗೆ ಇಳಿಯುತ್ತದೆ. ಸ್ವಲ್ಪ ಹೊರಗೂ ಸೋರುತ್ತದೆ. ಅದು ತಗುಲಿ ಮಣ್ಣಿನ ಕಬ್ಬಿಣ ತುಕ್ಕಾಗುವುದರಿಂದಲೇ, ಕಿತ್ತ ಭತ್ತದ ಬೇರಿನ ಮೇಲೆ ಕೆಂಗಂದು ಲೇಪ ಕಾಣುತ್ತದೆ. ಮೇವಿನ ಬೆಳೆಗಳಲ್ಲಿ ಪ್ಯಾರಾ ಹುಲ್ಲು ಇಂಥ ನೆಲಕ್ಕೆ ಒಗ್ಗುತ್ತದೆ.

ನೀವು ಮಾಡಬೇಕಾದ್ದು

1. ನಾಟಿಗೆ ಮೊದಲು ಒಂದೂವರೆ ಅಡಿ ಆಳದ ಗುಂಡಿ ತೆಗೆದು ಮರುದಿನ ನೋಡಿ. ನೀರು ಜಿನುಗಿ ನಿಂತಿದ್ದರೆ, ಅಥವಾ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ನೇಪಿಯರ್, ಕುದುರೆಮಸಾಲೆ ಬೇಡ.

2. ಆ ಜಾಗಕ್ಕೆ 2-3 ಗೆಣ್ಣಿರುವ ಪ್ಯಾರಾ ಹುಲ್ಲಿನ ಕಾಂಡ ನಾಟಿ ಮಾಡಿ. ಮೊದಲ ಕೊಯ್ಲು ಸುಮಾರು 75 ದಿನಕ್ಕೆ, ನಂತರ 35-40 ದಿನಕ್ಕೊಮ್ಮೆ. ಅದು ಕೆರೆ, ಕಾಲುವೆಗೆ ಹಬ್ಬದಂತೆ ನೋಡಿಕೊಳ್ಳಿ.

3. ನೇಪಿಯರ್ ಬೇಕೇ ಬೇಕೆಂದರೆ ಬದುವಿನ ಮೇಲೆ ಅಥವಾ ಏರುಮಡಿಯಲ್ಲಿ ಹಾಕಿ, ಬಸಿಗಾಲುವೆ ತೆಗೆಯಿರಿ.

4. ನಿಂತ ನೀರಿಗೆ ಯೂರಿಯಾ ಎರಚಬೇಡಿ. ಬಹುಪಾಲು ಸಾರಜನಕ ಅನಿಲವಾಗಿ ಹಾರಿಹೋಗಬಹುದು. ಬಸಿದ ಮೇಲೆ ಹಾಕಿ.

5. ಜೌಗಿನ ಬಸವನಹುಳುಗಳಿಂದ ಯಕೃತ್ತಿನ ಚಪ್ಪಟೆ ಹುಳು ಹರಡುತ್ತದೆ. ಇದರ ಮರಿಗಳು ನೀರಿನಂಚಿನ ಹುಲ್ಲಿಗೆ ಅಂಟಿರುತ್ತವೆ. ಹಾಗಾಗಿ ಹುಲ್ಲನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ಯಿರಿ. ರಾಸುಗಳನ್ನು ಅಲ್ಲಿ ಮೇಯಲು ಬಿಡಬೇಡಿ. ಹಸು ಬಡಕಲಾಗಿ, ಭೇದಿಯಾಗಿ, ಗಂಟಲ ಕೆಳಗೆ ಊತ ಬಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ನೆಲ ನೋಡಿ ಹುಲ್ಲು ಆರಿಸಿದರೆ ಜೌಗು ಭೂಮಿಯೂ ಹಸಿರು ಮೇವು ಕೊಡುತ್ತದೆ. ಪ್ಯಾರಾ ಹುಲ್ಲಿನ ಕಾಂಡ ಎಲ್ಲಿ ಸಿಗುತ್ತದೆಂದು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.